ಕಣ್ಣಾರೆ ಕಂಡವರೇ, ಬಾಯಿ ಬಿಡಿ

ರಾವೂರಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿಯ ಬಂಧುಗಳೇ,

ಬಟವಡೆಯ ಸಂಜೆ ನಮ್ಮ ಕಡೆ ಹೇಗಿರುತ್ತದೆ ಎಂಬುದನ್ನು ನಿಮಗೆ ಯಾರೂ ಬಣ್ಣಿಸಿ ಹೇಳಬೇಕಾಗಿಲ್ಲ. ಪಾಲಿಶ್ ಮಷೀನು ನಿಂತರೂ ಅದರ ಸದ್ದು ಕಿವಿ ಬಿಟ್ಟಿರುವುದಿಲ್ಲ. ಫರ್ಸಿಕಲ್ಲಿನ ದೂಳು ಹುಬ್ಬು ರೆಪ್ಪೆಗಳ ಮೇಲೆ ಬೆಳ್ಳಗೆ ಕೂತಿರುತ್ತದೆ. ಬೆವರಿಗೆ ಮೆತ್ತಗಾದ ನೋಟುಗಳು ಅಂಗಿಯ ಜೇಬಿನಲ್ಲಿರುತ್ತವೆ. ಮನೆಗೆ ಹೋಗುವ ದಾರಿಯಲ್ಲಿ, ಕಲ್ಲಿನ ಅಟ್ಟಿಗಳ ಮರೆಯಲ್ಲಿ, ಖಾಲಿ ಸಿಮೆಂಟ್ ಚೀಲ ಹಾಸಿ ನಾಲ್ಕೈದು ಜನ ಕೂತಿರುತ್ತಾರೆ. ಅವರ ಸುತ್ತ ಹತ್ತು ಜನ ನಿಂತಿರುತ್ತಾರೆ. ನಡುವೆ ಇಸ್ಪೀಟಿನ ಎಲೆ ಬೀಳುತ್ತಿರುತ್ತದೆ.

ನಿಂತ ಆ ಹತ್ತು ಜನರಲ್ಲಿ ಒಂದು ಸಂಜೆ ನಾನೂ ಇದ್ದೆ. ಆಡುತ್ತಿದ್ದವರಲ್ಲಿ ಒಬ್ಬ ಹುಡುಗ. ಇನ್ನೂ ಮೀಸೆ ಸರಿಯಾಗಿ ಬಲಿತಿರದ ಹುಡುಗ. ವಾರದ ದುಡಿಮೆಯನ್ನು ಮೊಣಕಾಲಿನ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದ. ಅವನ ಎಡಕ್ಕೊಬ್ಬ, ಬಲಕ್ಕೊಬ್ಬ, ಇಬ್ಬರೂ ಅವನಿಗಿಂತ ಹಿರಿಯರು. ಎಲೆ ನೋಡಿಕೊಂಡ ಮೇಲೆ ಒಬ್ಬ ಗುಟ್ಕಾ ಚೀಟಿಯನ್ನು ಬಲಗಡೆಯಿಂದ ಎಡಗಡೆಗೆ ಸರಿಸುತ್ತಿದ್ದ. ಸರಿಸಿದಾಗಲೆಲ್ಲ ಇನ್ನೊಬ್ಬ ಚಾಲ್ ಏರಿಸುತ್ತಿದ್ದ. ಸರಿಸದಿದ್ದಾಗ ಎಲೆ ಎಸೆದು ಸುಮ್ಮನಾಗುತ್ತಿದ್ದ. ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಕಿವಿಯ ಹತ್ತಿರ ಬಂದು ಹೇಳಿದರು: “ಇಬ್ರೂ ಕೂಡೇ ಆಡ್ಲತ್ಯಾರ ನೋಡ್ರಿ. ಆ ಹುಡುಗಗ ತಿಳೀವಲ್ದು.”

ನಾನು ಹೇಳಿದ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. “ಸುಮ್ನಿರ್ರಿ ಕಾಕಾ, ನಮಗ್ಯಾಕ ಬೇಕದು” ಅಂದೆ.

ಹುಡುಗ ಮೊಣಕಾಲಿನ ಕೆಳಗಿದ್ದುದನ್ನೆಲ್ಲ ಸೋತು ಎದ್ದ. ಎದ್ದವನು ಒಂದು ಕ್ಷಣ ನಮ್ಮೆಲ್ಲರ ಮುಖ ನೋಡಿದ. ಅವನ ಕಣ್ಣಿನಲ್ಲಿ ಸಂಶಯವಿತ್ತು. ಯಾರಾದರೂ ಒಂದು ಮಾತು ಆಡಿಯಾರೇನೋ ಎಂಬ ಆಸೆಯೂ ಇತ್ತು. ನಾವು ಹತ್ತು ಜನ ನೆಲ ನೋಡಿದೆವು. ಈ ಬರಹ ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಸಾಕ್ಷಿ. ತಡವಾಗಿ ಕೊಡುತ್ತಿದ್ದೇನೆ.

ಜೂಜು ಕೆಟ್ಟದ್ದು, ಆಡಬೇಡಿ ಎಂದು ನಮಗೆ ಎಲ್ಲರೂ ಹೇಳಿದ್ದಾರೆ. ತಾಯಿ ಹೇಳಿದ್ದಾಳೆ, ಮೇಷ್ಟ್ರು ಹೇಳಿದ್ದಾರೆ, ಮಠದಲ್ಲಿ ಹೇಳಿದ್ದಾರೆ. ಅದು ನಿಜವಾದ ಮಾತು, ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಷ್ಟೇ ಹೇಳಿ ಮುಗಿಸಿದರೆ ಜೂಜಿನೊಳಗಿನ ಇನ್ನೊಂದು ದೊಡ್ಡ ಪಾಪ ಮರೆಯಾಗಿಬಿಡುತ್ತದೆ. ಕೂಟದಲ್ಲಿ ಇಬ್ಬರು ಒಳಗೊಳಗೇ ಒಂದಾಗಿ, ಮೂರನೆಯವನನ್ನು ಸುಲಿಯುವ ಪಾಪ ಅದು. ಆಡಿದವನು ತಪ್ಪು ಮಾಡಿದ ಎಂದು ಎಲ್ಲರೂ ಬೈಯುತ್ತಾರೆ. ಸುಲಿದವನ ಹೆಸರನ್ನು ಯಾರೂ ಎತ್ತುವುದಿಲ್ಲ. ಸೋತವನಿಗೆ ಅವಮಾನ, ಮೋಸ ಮಾಡಿದವನಿಗೆ ಹೊಸ ಮೋಟಾರ್ ಸೈಕಲ್ಲು. ಇದು ನ್ಯಾಯವೇ?

ಆ ಮೋಸ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ತಿಳಿದವರು ಕಡಿಮೆ ಇರುವಷ್ಟು ಕಾಲ ಅದು ನಡೆಯುತ್ತಲೇ ಇರುತ್ತದೆ.

ಮೂರೆಲೆಯ ಆಟವನ್ನೇ ತೆಗೆದುಕೊಳ್ಳಿ, ತೀನ್ ಪತ್ತಿ ಎನ್ನುತ್ತೇವಲ್ಲ ಅದು. 52 ಎಲೆಗಳಲ್ಲಿ ಮೂರು ಎಲೆ ಬರುವ ಬಗೆ ಒಟ್ಟು 22,100. ಅವುಗಳಲ್ಲಿ 16,440 ಬಗೆಗಳಲ್ಲಿ ಒಂದು ಜೋಡಿಯೂ ಇರುವುದಿಲ್ಲ, ಕಲರ್ ಇರುವುದಿಲ್ಲ, ಸಾಲೂ ಇರುವುದಿಲ್ಲ. ಅಂದರೆ ನೂರಕ್ಕೆ ಎಪ್ಪತ್ತನಾಲ್ಕು ಸಲ ಕೈಗೆ ಬರುವುದು ಬರೀ ಖಾಲಿ ಎಲೆ. ಹೀಗಿರುವಾಗ ನಮ್ಮ ಹುಡುಗನಿಗೆ ಎರಡು ರಾಜ ಬಂದವು ಎಂದುಕೊಳ್ಳಿ. ಅದು ಒಬ್ಬ ಎದುರಾಳಿಯ ಮುಂದೆ ಹತ್ತಕ್ಕೆ ಒಂಬತ್ತು ಸಲ ಗೆಲ್ಲುವ ಕೈ. ನ್ಯಾಯವಾದ ಆಟವಾಗಿದ್ದರೆ ಅವನು ಗೆದ್ದು ಏಳಬೇಕು.

ಆದರೆ ಈ ಆಟದಲ್ಲಿ ಒಂದು ನಿಯಮವಿದೆ. ಇಬ್ಬರೇ ಉಳಿದಾಗ ಮಾತ್ರ ‘ಶೋ’ ಕೇಳಬಹುದು. ಮೂವರು ಇರುವ ತನಕ ಎಲೆ ತೋರಿಸಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಪಕ್ಕದವನ ಜೊತೆ ಎಲೆ ಹೋಲಿಸಿ ನೋಡುವ ಸೈಡ್ ಶೋ ಕೇಳಿದರೂ ಅವನು ಕೊಡುವುದಿಲ್ಲ ಎನ್ನಬಹುದು. ಒಳಗೊಳಗೆ ಒಂದಾದ ಇಬ್ಬರು ಈ ನಿಯಮವನ್ನೇ ಉರುಳು ಮಾಡುತ್ತಾರೆ. ಮೊದಲನೆಯವನು 20 ರೂಪಾಯಿ ಇಡುತ್ತಾನೆ, ಎರಡನೆಯವನು 40 ಮಾಡುತ್ತಾನೆ, ಹುಡುಗ 40 ಇಡಬೇಕು. ಮುಂದಿನ ಸುತ್ತಿಗೆ 80, 160; ಹುಡುಗ 160 ಇಡಬೇಕು. ಅದರ ಮುಂದಿನ ಸುತ್ತಿಗೆ 320, 640. ಹುಡುಗ 640 ಇಡಬೇಕು. ಮೂರು ಸುತ್ತಿಗೆ ಅವನ 840 ರೂಪಾಯಿ ನಡುವೆ ಬಿದ್ದಿದೆ. ನಾಲ್ಕನೆಯ ಸುತ್ತಿಗೆ 2,560 ಬೇಕು. ಅಷ್ಟು ಅವನ ಹತ್ತಿರ ಇಲ್ಲ. ಎರಡು ರಾಜರನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ‘ಪ್ಯಾಕ್’ ಎನ್ನುತ್ತಾನೆ. ಅವನು ಹೊರಬಿದ್ದ ಮರುಕ್ಷಣ ಉಳಿದ ಇಬ್ಬರಲ್ಲಿ ಒಬ್ಬ ತಾನೂ ಪ್ಯಾಕ್ ಎನ್ನುತ್ತಾನೆ. ಇಬ್ಬರ ಎಲೆಗಳೂ ಮುಚ್ಚಿದಂತೆಯೇ ಕಟ್ಟಿಗೆ ಸೇರುತ್ತವೆ. ಅವರ ಕೈಯಲ್ಲಿ ಏನಿತ್ತು ಎಂಬುದನ್ನು ಯಾರೂ ನೋಡಲಿಲ್ಲ. ನೋಡುವ ದಾರಿಯೂ ಇಲ್ಲ. ಇಬ್ಬರ ಹತ್ತಿರವೂ ಖಾಲಿ ಎಲೆಯೇ ಇದ್ದಿರಬಹುದು. ಸಾಕ್ಷಿ ಕಟ್ಟಿನೊಳಗೆ ಕಲಸಿಹೋಯಿತು. ರಾತ್ರಿ ಬೇರೊಂದು ಕಡೆ ಹಣ ಎರಡು ಪಾಲಾಯಿತು.

ಪೋಕರ್ ಆಡುವ ದೊಡ್ಡ ಕ್ಯಾಸಿನೊಗಳಲ್ಲೂ ಇದೇ ಮೋಸಕ್ಕೆ ಹೆದರುತ್ತಾರೆ. ಪಣಜಿಯ ಮಾಂಡವಿ ನದಿಯ ಮೇಲೆ ನಿಂತ ಹಡಗುಗಳಿಗೆ ನಮ್ಮ ಜಿಲ್ಲೆಗಳಿಂದಲೂ ಜನ ಹೋಗುತ್ತಾರೆ. ಅಂಥ ಜಾಗಗಳಲ್ಲಿ ತಲೆಯ ಮೇಲೆ ಕ್ಯಾಮೆರಾ ಇರುತ್ತದೆ, ಎಲೆ ಹಂಚಲು ಸಂಬಳದ ಆಳು ಇರುತ್ತಾನೆ, ಒಂದು ಕೈಗೆ ಒಬ್ಬನೇ ಆಟಗಾರ ಎಂಬ ಕಟ್ಟುನಿಟ್ಟಿನ ನಿಯಮ ಇರುತ್ತದೆ. ಇಷ್ಟಿದ್ದೂ ಅಲ್ಲಿ ಆಡುವವರು ಒಬ್ಬರನ್ನೊಬ್ಬರು ಸಂಶಯದಿಂದಲೇ ನೋಡುತ್ತಾರೆ. ಯಾಕೆಂದರೆ ಪೋಕರಿನಲ್ಲಿ ಕ್ಯಾಸಿನೊ ತೆಗೆಯುವುದು ಪ್ರತಿ ಆಟದಿಂದ ಒಂದು ಪಾಲು. ಯಾರು ಗೆದ್ದರೂ, ಹೇಗೆ ಗೆದ್ದರೂ ಆ ಪಾಲು ಅದಕ್ಕೆ ಸಿಗುತ್ತದೆ. ನಮ್ಮ ಕಲ್ಲಿನ ಅಟ್ಟಿಯ ಹಿಂದೆ ಜಾಗ ಕೊಟ್ಟು ಪಾಲು ತೆಗೆಯುವವನ ಲೆಕ್ಕವೂ ಇದೇ. ಅಲ್ಲಿ ಕ್ಯಾಮೆರಾ ಇಲ್ಲ. ಇರುವುದು ಸುತ್ತ ನಿಂತವರ ಕಣ್ಣು ಮಾತ್ರ. ಆ ಕಣ್ಣುಗಳೂ ನೆಲ ನೋಡಿದರೆ ಮೂರನೆಯವನಿಗೆ ಯಾರು ದಿಕ್ಕು?

ಸೋತವನು ಪೊಲೀಸರ ಹತ್ತಿರ ಹೋಗಲಿ ಎನ್ನುತ್ತೀರಾ? ಸಾರ್ವಜನಿಕ ಜಾಗದಲ್ಲಿ ಹಣ ಕಟ್ಟಿ ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೇ ಅಪರಾಧ. ದೂರು ಕೊಡಲು ಹೋದವನು ಮೊದಲು ತನ್ನ ತಪ್ಪನ್ನೇ ಒಪ್ಪಿಕೊಳ್ಳಬೇಕು. ಕೋರ್ಟಿಗೆ ಹೋಗಲಿ ಎನ್ನುತ್ತೀರಾ? 1872ರ ಕರಾರು ಕಾಯ್ದೆಯ 30ನೆಯ ಕಲಮಿನಂತೆ ಪಣದ ಒಪ್ಪಂದಕ್ಕೆ ಬೆಲೆಯೇ ಇಲ್ಲ. ಪಣದಲ್ಲಿ ಗೆದ್ದ ಹಣಕ್ಕೆ ದಾವೆ ಹೂಡಲು ಬರುವುದಿಲ್ಲ. ಹೀಗೆ ಕೂಟದಲ್ಲಿ ಮೋಸ ಹೋದವನಿಗೆ ಠಾಣೆಯ ಬಾಗಿಲೂ ಕೋರ್ಟಿನ ಬಾಗಿಲೂ ತೆರೆಯುವುದು ಕಷ್ಟ. ಮೋಸಗಾರನಿಗೆ ಇದು ಚೆನ್ನಾಗಿ ಗೊತ್ತಿದೆ. ಅದಕ್ಕೇ ಅವನು ಅಷ್ಟು ನಿಶ್ಚಿಂತೆಯಿಂದ ಕೂತಿರುತ್ತಾನೆ.

ನಮ್ಮ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಹೋಗುವ ರೈಲು ಸಿಕಂದರಾಬಾದ್ ಮುಟ್ಟುತ್ತದೆ. ಆ ಸಿಕಂದರಾಬಾದಿನ ಒಂದು ಕ್ಲಬ್ಬಿನ ರಮ್ಮಿ ಆಟದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು 1967ರಲ್ಲಿ ಒಂದು ಮುಖ್ಯ ಮಾತು ಹೇಳಿತು. ರಮ್ಮಿ ಬರೀ ಅದೃಷ್ಟದ ಆಟವಲ್ಲ, ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಜಾಣ್ಮೆ ಬೇಕು ಎಂದಿತು. ಮೂರೆಲೆಯ ಆಟವನ್ನು ಮಾತ್ರ ಅದೇ ತೀರ್ಪು ಅದೃಷ್ಟದ ಆಟದ ಸಾಲಿಗೆ ಸೇರಿಸಿತು. 2013ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಪೋಕರಿನ ಪ್ರಶ್ನೆ ಬಂದಾಗಲೂ ಕೌಶಲದ ಆಟ ಎಂಬ ವಾದವೇ ಗೆದ್ದಿತು. ಈ ತೀರ್ಪುಗಳನ್ನು ಕೂಟದ ಮಂದಿ ಬಾಯಿಪಾಠ ಮಾಡಿಕೊಂಡಿದ್ದಾರೆ. “ನಮ್ಮದು ತಲಿ ಓಡ್ಸೋ ಆಟರೀ” ಎನ್ನುತ್ತಾರೆ. ಆಗಲಿ, ಹಾಗಾದರೆ ನನ್ನದೊಂದು ಪ್ರಶ್ನೆ. ಕೌಶಲ ಎನ್ನಬೇಕಾದರೆ ಒಂದು ತಲೆ ಇನ್ನೊಂದು ತಲೆಯ ಎದುರು ನಿಲ್ಲಬೇಕು. ಎರಡು ತಲೆ ಕಳ್ಳತನದಿಂದ ಒಂದಾಗಿ ಒಂದು ತಲೆಯ ಮೇಲೆ ಬಿದ್ದರೆ ಅದರಲ್ಲಿ ಕೌಶಲ ಎಲ್ಲಿ ಬಂತು? ಎಲೆ ಬೀಳುವ ಮೊದಲೇ ಯಾರು ಸೋಲಬೇಕು ಎಂದು ನಿಶ್ಚಯವಾಗಿದ್ದರೆ ಅದರಲ್ಲಿ ಅದೃಷ್ಟ ಎಲ್ಲಿ ಬಂತು? ಕೌಶಲವೂ ಹೋಗಿ, ಅದೃಷ್ಟವೂ ಹೋಗಿ, ಕೊನೆಗೆ ಉಳಿಯುವುದು ಕಳ್ಳತನ ಒಂದೇ.

ಕಾನೂನು ಈ ಕಳ್ಳತನವನ್ನು ಹಿಡಿಯಲು ಹೋಗಿ ಕೈ ಜಾರಿಸಿಕೊಂಡದ್ದನ್ನು ನಮ್ಮ ರಾಜ್ಯವೇ ಕಂಡಿದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ಟಿನಲ್ಲಿ ಆಟಗಾರರೇ ಬುಕ್ಕಿಗಳ ಜೊತೆ ಒಳಒಪ್ಪಂದ ಮಾಡಿಕೊಂಡಿದ್ದಾರೆ ಎಂಬ ಆರೋಪ ಬಂತು. ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೂ ತಂಡಕ್ಕೆ ಸೇರಿದವರನ್ನೂ ಬಂಧಿಸಿದರು. ಮೈಸೂರಿನಲ್ಲಿ ಹುಬ್ಬಳ್ಳಿ ಮತ್ತು ಬಳ್ಳಾರಿ ತಂಡಗಳ ನಡುವೆ ನಡೆದ ಫೈನಲ್ಲಿನ ಮೇಲೂ ಸಂಶಯ ಬಿತ್ತು. ಆದರೆ 2022ರ ಜನವರಿಯಲ್ಲಿ ಹೈಕೋರ್ಟು ಆ ಪ್ರಕರಣವನ್ನು ರದ್ದು ಮಾಡಿತು. ಮ್ಯಾಚ್ ಫಿಕ್ಸಿಂಗ್ ಅಪ್ರಾಮಾಣಿಕತೆ ಇರಬಹುದು, ಅಶಿಸ್ತು ಇರಬಹುದು, ಕ್ರಮ ಕೈಗೊಳ್ಳುವುದು ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು. ಆದರೆ ಅದು ದಂಡ ಸಂಹಿತೆಯ 420ನೆಯ ಕಲಮಿನ ವಂಚನೆ ಆಗುವುದಿಲ್ಲ ಎಂದಿತು. ಇಂಗ್ಲೆಂಡಿನಲ್ಲಿ ಜೂಜಿನಲ್ಲಿ ಮೋಸ ಮಾಡಲು ಸಂಚು ಹೂಡುವುದಕ್ಕೇ ಬೇರೆ ಅಪರಾಧವಿದೆ. 2010ರ ಲಾರ್ಡ್ಸ್ ಟೆಸ್ಟಿನಲ್ಲಿ ಬೇಕೆಂದೇ ನೋಬಾಲ್ ಹಾಕಿಸಿದ ಪ್ರಕರಣದಲ್ಲಿ ಪಾಕಿಸ್ತಾನದ ಮೂವರು ಆಟಗಾರರು 2011ರಲ್ಲಿ ಲಂಡನ್ನಿನ ಕೋರ್ಟಿನಿಂದ ಸೀದಾ ಜೈಲಿಗೆ ಹೋದರು. ಅಲ್ಲಿ ಹೆಸರಿರುವ ಅಪರಾಧಕ್ಕೆ ಇಲ್ಲಿ ಸರಿಯಾದ ಹೆಸರೂ ಇಲ್ಲ. ಸಾವಿರಾರು ಜನ ಟಿಕೆಟ್ ಕೊಂಡು ನೋಡಿದ ಆಟದ ಗತಿಯೇ ಹೀಗಾದರೆ, ಕಲ್ಲಿನ ಅಟ್ಟಿಯ ಹಿಂದೆ ಮುಚ್ಚಿದ ಎಲೆಯಲ್ಲಿ ನಡೆದ ಮೋಸವನ್ನು ಯಾವ ಕಾನೂನು ಬಂದು ಬಿಚ್ಚಿ ತೋರಿಸೀತು?

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಅದು ಫೋನಿನೊಳಗಿನ ಆಟಕ್ಕೆ ಹಾಕಿದ ಬೀಗ. ನಮ್ಮ ಕಟ್ಟೆಯ ಕೂಟಕ್ಕೆ ಬಾಗಿಲೇ ಇಲ್ಲ, ಬೀಗ ಎಲ್ಲಿ ಹಾಕುತ್ತೀರಿ? ಇಲ್ಲಿ ಕಾವಲು ನಿಲ್ಲಬೇಕಾದದ್ದು ಮನುಷ್ಯನ ಮನಸ್ಸಾಕ್ಷಿಯೇ.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತಲ್ಲ. ನಮ್ಮ ನೆಲದ್ದೇ ಮಾತು. ಶಹಾಬಾದಿನ ಹತ್ತಿರದ ಮರತೂರನ್ನು ವಿಜ್ಞಾನೇಶ್ವರನ ಊರು ಎಂದು ನಾವು ಎದೆ ಉಬ್ಬಿಸಿ ಹೇಳಿಕೊಳ್ಳುತ್ತೇವೆ. ಕಲ್ಯಾಣದ ಚಾಲುಕ್ಯ ಅರಸು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬಾಳಿದ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ಎಂಬ ವ್ಯಾಖ್ಯಾನ ಮುಂದೆ ಬಂಗಾಳ, ಅಸ್ಸಾಂ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾಯಿತು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಅವನನ್ನು ನೆನೆಯುವ ನಾವು ಅವನು ಜೂಜಿನ ಬಗ್ಗೆ ವಿವರಿಸಿದ ಪ್ರಕರಣವನ್ನು ಮರೆತಿದ್ದೇವೆ.

ಮನು ಜೂಜನ್ನು ಹಗಲುಗಳ್ಳತನ ಎಂದು ಪೂರ್ತಿ ಅಲ್ಲಗಳೆದ. ಯಾಜ್ಞವಲ್ಕ್ಯ ಜನ ಆಡುವುದನ್ನು ಬಿಡುವುದಿಲ್ಲ ಎಂದು ಕಂಡುಕೊಂಡು ಅದಕ್ಕೆ ಕಟ್ಟಳೆ ಹಾಕಿದ. ಆಟ ನಡೆಸುವವನಿಗೆ ನೂರಕ್ಕೆ ಐದು, ಹತ್ತು ಎಂದು ಪಾಲು ಗೊತ್ತು ಮಾಡಿದ. ಗೆದ್ದವನಿಗೆ ಹಣ ಕೊಡಿಸುವ ಹೊಣೆಯನ್ನೂ ಅವನ ಮೇಲೇ ಹೊರಿಸಿದ. ಕಳ್ಳರು ಗುರುತಿಗೆ ಸಿಗಲಿ ಎಂದು ಆಟ ಒಬ್ಬ ಮೇಲ್ವಿಚಾರಕನ ಕೆಳಗೆ ನಡೆಯಬೇಕು ಎಂದ. ಕಳ್ಳ ದಾಳದಿಂದ, ಕಪಟದಿಂದ ಆಡುವವನ ಮೈಮೇಲೆ ಗುರುತು ಹಾಕಿ ಅರಸ ಅವನನ್ನು ನಾಡಿನಿಂದ ಹೊರಗೆ ಅಟ್ಟಬೇಕು ಎಂದ. ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ ಮಾತು ಇನ್ನೊಂದಿದೆ: ಆಟದಲ್ಲಿ ಜಗಳ ಬಂದರೆ ಅದನ್ನು ಪರೀಕ್ಷಿಸುವವರೂ ಸಾಕ್ಷಿಗಳೂ ಆ ಕೂಟದ ಆಟಗಾರರೇ.

ಎಷ್ಟು ಆಳದ ತಿಳಿವಳಿಕೆ ನೋಡಿ. ಮುಚ್ಚಿದ ಎಲೆಯ ಮೋಸ ಹೊರಗಿನವನಿಗೆ ಕಾಣುವುದಿಲ್ಲ. ಅದು ಕಾಣುವುದು ಅಲ್ಲೇ ಕೂತವನಿಗೆ, ಆಟ ಬಲ್ಲವನಿಗೆ. ಅವನು ಬಾಯಿ ಬಿಡದಿದ್ದರೆ ಲೋಕದಲ್ಲಿ ಬೇರೆ ಸಾಕ್ಷಿಯೇ ಇಲ್ಲ. ಒಂಬೈನೂರು ವರ್ಷದ ಹಿಂದೆ ನಮ್ಮ ಮರತೂರಿನ ಪಂಡಿತ ಎಲ್ಲರ ತಿಳಿವಿಗೆಂದು ಬಿಡಿಸಿ ಬರೆದ ಈ ಮಾತನ್ನು ಅವನ ಊರಿನ ಸುತ್ತಲಿನ ನಾವೇ ಸುಳ್ಳು ಮಾಡುತ್ತಿದ್ದೇವೆ. ‘ನಮಗ್ಯಾಕ ಬೇಕು’ ಎಂಬ ಎರಡೇ ಮಾತಿನಿಂದ ಸುಳ್ಳು ಮಾಡುತ್ತಿದ್ದೇವೆ.

ಇನ್ನು ಮಹಾಭಾರತದ ಆ ಜೂಜಿನ ಸಭೆಯನ್ನು ನೆನೆಯದೆ ಈ ಮಾತು ಮುಂದೆ ಹೋಗುವುದಿಲ್ಲ. ಪಂಪ ಆ ಕಥೆಯನ್ನು ಹತ್ತನೆಯ ಶತಮಾನದಲ್ಲಿ ಕನ್ನಡಕ್ಕೆ ತಂದಾಗ ನಮ್ಮ ಸೇಡಮ್ಮಿನ ಪಕ್ಕದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ. ಅವನ ಆಶ್ರಯದಾತ ಅರಿಕೇಸರಿ ಅವರ ಸಾಮಂತ. ಸಾವಿರ ವರ್ಷದಿಂದ ಈ ಕಥೆ ನಮ್ಮ ಭಾಷೆಯಲ್ಲಿದೆ, ಬಯಲಾಟದಲ್ಲಿದೆ, ಪುರಾಣ ಹೇಳುವವರ ಬಾಯಲ್ಲಿದೆ. ಆದರೂ ಅದರ ಮೊದಲ ಗಳಿಗೆಯನ್ನು ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ. ಹಣ ನನ್ನದು, ದಾಳ ಹಾಕುವವನು ನನ್ನ ಮಾವ ಶಕುನಿ ಎಂದ ದುರ್ಯೋಧನ. ಒಬ್ಬನ ದುಡ್ಡು, ಇನ್ನೊಬ್ಬನ ಕೈ. ಇಬ್ಬರು ಕೂಡಿ ಒಬ್ಬನ ಎದುರು. ಧರ್ಮರಾಯನಿಗೆ ಆಗಲೇ ಸಂಶಯ ಬಂತು. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎಂದು ಬಾಯಿ ಬಿಟ್ಟು ಹೇಳಿದ. ಹೇಳಿಯೂ ಕೂತ. ಸಂಶಯ ಬಂದ ಮೇಲೆ ಕೂತದ್ದು ಅವನ ತಪ್ಪು, ಅದಕ್ಕೆ ಅವನು ಹದಿಮೂರು ವರ್ಷ ತೆತ್ತ. ಆದರೆ ಅವನ ಸಂಶಯ ಕೇಳಿಸಿಕೊಂಡೂ ತೆಪ್ಪಗಿದ್ದ ಸಭೆಯ ತಪ್ಪು? ಭೀಷ್ಮ ಇದ್ದ, ದ್ರೋಣ ಇದ್ದ, ಕೃಪ ಇದ್ದ. ಹೆಣ್ಣುಮಗಳೊಬ್ಬಳು ಎದ್ದು ನಿಂತು ನ್ಯಾಯ ಕೇಳಿದಾಗ ಅಷ್ಟು ದೊಡ್ಡವರ ನಡುವೆ ವಿದುರನ ಜೊತೆ ದನಿ ಎತ್ತಿದವನು ಕೌರವರಲ್ಲೇ ಒಬ್ಬ, ದುರ್ಯೋಧನನ ಒಡಹುಟ್ಟಿದ ತಮ್ಮ ವಿಕರ್ಣ. ಗೆದ್ದ ಕಡೆಯವನೇ ಎದ್ದು ಇದು ಅನ್ಯಾಯ ಎಂದ. ಅವನ ಮಾತು ನಡೆಯಲಿಲ್ಲ ನಿಜ. ಆದರೆ ಮಾತನಾಡಿದವನ ಹೆಸರು ಇವತ್ತಿಗೂ ಮಾನದಿಂದ ಉಳಿದಿದೆ. ಸುಮ್ಮನಿದ್ದವರನ್ನು ಕಥೆ ಕೇಳಿದ ಪ್ರತಿ ಮಗು ‘ಯಾಕೆ ಸುಮ್ಮನಿದ್ದರು’ ಎಂದು ಇಂದಿಗೂ ಕೇಳುತ್ತಿದೆ.

ನಮ್ಮೂರಿಗೆ ಬೇಕಾದವನು ಒಬ್ಬ ವಿಕರ್ಣ.

ಈಗ ಎದುರಿನ ಮಾತನ್ನೂ ಹೇಳಬೇಕು. ಸೋತವನಿಗೆ ಎಲ್ಲೆಲ್ಲೂ ಮೋಸವೇ ಕಾಣುತ್ತದೆ. ಎಲೆ ಬರದಿದ್ದರೆ ಹಂಚಿದವನ ಮೇಲೆ ಸಿಟ್ಟು, ಇಬ್ಬರು ಮಾತಾಡಿದರೆ ಸಂಚು ಎಂಬ ಅನುಮಾನ. ಬರೀ ಸಂಶಯದ ಮೇಲೆ ಕೈ ಮಾಡಿದ ಕೂಟಗಳು ರಕ್ತ ಕಂಡಿವೆ, ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಗೆದ್ದವನೆಲ್ಲ ಕಳ್ಳ ಎನ್ನುವುದು ಇನ್ನೊಂದು ಅನ್ಯಾಯ. ಅದಕ್ಕೇ ಸೋತವನ ಮಾತಿಗಿಂತ ನೋಡಿದವನ ಮಾತಿಗೆ ತೂಕ ಹೆಚ್ಚು. ಅವನಿಗೆ ಹಣ ಹೋಗಿಲ್ಲ, ಸಿಟ್ಟು ಏರಿಲ್ಲ, ಕಣ್ಣು ತಿಳಿಯಾಗಿದೆ. ಅವನು ಒಂದು ಸಲ ಕಂಡದ್ದನ್ನು ಹಿಡಿದು ಕೂಗಾಡುವುದು ಬೇಡ. ಇಬ್ಬರು ಎಂದಾದರೂ ಒಬ್ಬರನ್ನೊಬ್ಬರು ಸೋಲಿಸಲು ಆಡುತ್ತಾರೋ ಇಲ್ಲವೋ ನೋಡಲಿ. ಮೂರನೆಯವನು ಇರುವ ತನಕ ಬೆಂಕಿಯಂತೆ ಏರಿಸಿ, ಅವನು ಹೋದ ಕೂಡಲೇ ತಣ್ಣಗಾಗುತ್ತಾರೋ ನೋಡಲಿ. ಸೈಡ್ ಶೋ ಯಾವಾಗಲೂ ತಮ್ಮ ತಮ್ಮಲ್ಲೇ ಕೇಳಿ ಕೊಡುತ್ತಾರೋ ನೋಡಲಿ. ಎಲೆ ನೋಡಿದ ಮೇಲೆ ಕಿವಿ ಮುಟ್ಟುವುದು, ಚೀಟಿ ಸರಿಸುವುದು, ಕೆಮ್ಮುವುದು ಮತ್ತೆ ಮತ್ತೆ ಒಂದೇ ಬಗೆಯಲ್ಲಿ ಬರುತ್ತದೋ ನೋಡಲಿ. ಆಟ ಮುಗಿದ ಮೇಲೆ ಸೋತ ಹಣ ಮರಳಿ ಹಂಚಿಕೆಯಾಗುತ್ತದೋ ನೋಡಲಿ. ಇವೆಲ್ಲ ಕೂಡಿ ಬಂದರೆ ಅದು ಸಂಶಯದ ಗಡಿ ದಾಟಿತು. ಆಗಲೂ ಸುಮ್ಮನಿರುವುದು ತಾಳ್ಮೆ ಎನಿಸುವುದಿಲ್ಲ. ಅದು ಮೋಸದಲ್ಲಿ ಪಾಲುದಾರಿಕೆ.

ಹೋಗುವುದು ಎಷ್ಟು, ಯಾರದ್ದು ಎಂದು ಒಮ್ಮೆ ಲೆಕ್ಕ ಹಾಕಿ. ನಮ್ಮ ಸೀಮೆಯಲ್ಲಿ ದುಡ್ಡು ಬರುವ ದಾರಿ ನಾಲ್ಕೇ: ಫರ್ಸಿಕಲ್ಲು, ಸಿಮೆಂಟು, ತೊಗರಿ, ಇಲ್ಲವೆ ಮುಂಬಯಿ ಪುಣೆಯ ಗುಳೆ. ಕಲ್ಲು ಎಬ್ಬಿಸುವವನು ಬೆನ್ನು ಕೊಟ್ಟು ದುಡಿಯುತ್ತಾನೆ. ಪಾಲಿಶ್ ಮಾಡುವವನು ಇಡೀ ದಿನ ಕೆಸರು ನೀರಿನಲ್ಲಿ ನಿಂತು ದುಡಿಯುತ್ತಾನೆ. ತೊಗರಿ ಬೆಳೆಯುವವನು ಆರೇಳು ತಿಂಗಳು ಮುಗಿಲು ನೋಡಿ, ರಾಶಿ ಮಾಡಿದ ಮೇಲೆ ಒಂದು ಸಲ ಕೈಯಲ್ಲಿ ಹಣ ಕಾಣುತ್ತಾನೆ. ಗುಳೆ ಹೋದವನು ಕಟ್ಟಡದ ಕೆಲಸ ಮಾಡಿ, ಶೆಡ್ಡಿನಲ್ಲಿ ಮಲಗಿ, ಜಾತ್ರೆಗೆಂದು ಕೂಡಿಟ್ಟು ತರುತ್ತಾನೆ. ಆ ಹಣದ ಹಿಂದೆ ಮನೆಯಲ್ಲಿ ಕಾದಿರುವ ಬೇಡಿಕೆಗಳ ಸಾಲಿದೆ: ಮಗಳ ಶಾಲೆಯ ಫೀಸು, ಸಂಘದ ಸಾಲದ ಕಂತು, ಜೋಳ, ಎಣ್ಣೆ, ಅಮ್ಮನ ಗುಳಿಗೆ. ಎಲೆಯಲ್ಲಿ ಕೂಡಿ ಆಡುವ ಇಬ್ಬರು ಆ ಹುಡುಗನ ಜೇಬಿನಿಂದ ಮಾತ್ರ ಕದಿಯುವುದಿಲ್ಲ. ಅವನ ಮನೆಯ ಒಲೆಯ ಮೇಲಿನಿಂದಲೂ ಎತ್ತಿಕೊಳ್ಳುತ್ತಾರೆ. ಆಮೇಲೆ ಆ ಹುಡುಗ ಏನು ಮಾಡುತ್ತಾನೆ ಗೊತ್ತೇ? ತನ್ನ ನಸೀಬು ಖೊಟ್ಟಿ ಎಂದುಕೊಳ್ಳುತ್ತಾನೆ. ಕಳೆದುಕೊಂಡದ್ದನ್ನು ಗೆಲ್ಲಲು ಮುಂದಿನ ವಾರ ಸಾಲ ಮಾಡಿ ಮತ್ತೆ ಅದೇ ಇಬ್ಬರ ನಡುವೆ ಬಂದು ಕೂಡುತ್ತಾನೆ. ಅವನಿಗೆ ಯಾರಾದರೂ ಸತ್ಯ ಹೇಳಿದ್ದರೆ ಅವನು ಅಂದೇ ಎದ್ದು ಹೋಗುತ್ತಿದ್ದ. ನಾವು ಮುಚ್ಚಿಟ್ಟ ಒಂ‌ದು ಮಾತು ಅವನ ಮನೆಯನ್ನು ಮುಳುಗಿಸುತ್ತದೆ.

ಆದ್ದರಿಂದ ಕರೆಯುತ್ತಿದ್ದೇನೆ, ಒಬ್ಬೊಬ್ಬರನ್ನೂ ಕರೆಯುತ್ತಿದ್ದೇನೆ.

ಕೂಡಿ ಆಡುವ ಅಣ್ಣಂದಿರೇ, ಎದುರಿಗೆ ಕೂತವನು ನಿಮ್ಮ ಜೊತೆ ಅದೇ ಗಣಿಯಲ್ಲಿ ಕಲ್ಲು ಹೊತ್ತವನು. ಮಧ್ಯಾಹ್ನ ನಿಮ್ಮ ಬುತ್ತಿಯಿಂದ ರೊಟ್ಟಿ ಮುರಿದುಕೊಂಡವನು. ಹಗಲು ರೊಟ್ಟಿ ಹಂಚಿಕೊಂಡು ಸಂಜೆ ಅವನ ಕೊರಳು ಹಂಚಿಕೊಳ್ಳುತ್ತೀರಾ? ಕಾಯಕವೇ ದೊಡ್ಡದು ಎಂದು ಶರಣರು ನಡೆದು ತೋರಿಸಿದ ಕಲ್ಯಾಣದ ನೆಲ ಇದು. ಇಲ್ಲಿ ಇನ್ನೊಬ್ಬನ ಬೆವರನ್ನು ಸಂಜ್ಞೆ ಮಾಡಿ ಕದ್ದು ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಬಿಡಿ. ಇಂದೇ ಬಿಡಿ. ಕದ್ದದ್ದನ್ನು ಮರಳಿ ಕೊಡುವ ಧೈರ್ಯ ಇದ್ದರೆ ಕೊಡಿ.

ಜಾಗ ಕೊಟ್ಟು ಪಾಲು ತೆಗೆಯುವವರೇ, ನಿಮಗೆ ಎಲ್ಲವೂ ಗೊತ್ತಿದೆ. ಮೋಸ ನಡೆಯುವ ಮನೆಯ ಬಾಡಿಗೆಯೂ ಮೋಸದ ಹಣವೇ. ಚೀಲ ಮಡಚಿ.

ಹುಡುಗರೇ, ಸಂಶಯ ಬಂದ ಕ್ಷಣ ಎದ್ದುಬಿಡಿ. ಅದನ್ನು ಸಾಬೀತು ಮಾಡಿ ತೋರಿಸುತ್ತೇನೆ ಎಂದು ಕೂಡಬೇಡಿ. ಇಬ್ಬರು ಒಂದಾದ ಆಟದಲ್ಲಿ ನೀವು ಗೆಲ್ಲುವ ದಾರಿ ಇಲ್ಲ. ಸೋತ ಹಣವನ್ನು ಆಟದಲ್ಲೇ ಮರಳಿ ತರುತ್ತೇನೆ ಎಂಬ ಹಟವೇ ನಿಮ್ಮ ಕಾಲಿನ ಸರಪಳಿ. ಎದ್ದು ಹೋದವನನ್ನು ಹೇಡಿ ಎನ್ನುತ್ತಾರೆ, ಅನ್ನಲಿ. ಧರ್ಮರಾಯ ಆ ಒಂದು ಮಾತಿಗೆ ಹೆದರಿ ಕೂತದ್ದರಿಂದಲೇ ರಾಜ್ಯ ಕಳೆದುಕೊಂಡ. ನೀವು ಎದ್ದರೆ ಕನಿಷ್ಠ ವಾರದ ಬಟವಡೆ ಮನೆ ಮುಟ್ಟುತ್ತದೆ.

ಅಕ್ಕತಂಗಿಯರೇ, ಬರಿಗೈಯಲ್ಲಿ ಬಂದ ಗಂಡನನ್ನೋ ಮಗನನ್ನೋ ಬೈಯುವ ಹಕ್ಕು ನಿಮಗಿದೆ. ಬೈದ ಮೇಲೆ ಒಂದು ಪ್ರಶ್ನೆ ಕೇಳಿ: ಯಾರ ಜೊತೆ ಆಡಿದೆ? ಸಂಘದ ಸಭೆಯಲ್ಲಿ ಆ ಉತ್ತರಗಳನ್ನು ಕೂಡಿಸಿ ನೋಡಿ. ನಾಲ್ಕು ಮನೆಯ ಸೋಲಿನಲ್ಲಿ ಅದೇ ಇಬ್ಬರು ಇದ್ದರೆ, ಯಾವ ಕೋರ್ಟಿಗೂ ಸಿಗದ ಸಾಕ್ಷಿ ನಿಮ್ಮ ಕೈಗೆ ಸಿಕ್ಕಿತು. ಊರ ಹಿರಿಯರೇ, ಪಂಚಾಯಿತಿಯವರೇ, ಮಠದ ಪೂಜ್ಯರೇ, ಆಡಬೇಡಿ ಎಂದು ಬುದ್ಧಿ ಹೇಳುವಾಗ ಮೋಸ ಮಾಡಬೇಡಿ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿ. ಆ ಹೆಣ್ಣುಮಕ್ಕಳು ನಾಲ್ಕು ಮನೆಯ ಲೆಕ್ಕ ಹಿಡಿದು ನಿಮ್ಮ ಮುಂದೆ ಬಂದಾಗ ಅವರನ್ನು ಮನೆಗೆ ಕಳಿಸಬೇಡಿ, ಕೂರಿಸಿ ಕೇಳಿ. ಪೊಲೀಸ್ ಇಲಾಖೆಯವರೇ, ದಾಳಿಯಲ್ಲಿ ಸಿಕ್ಕವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವಾಗ ಸುಲಿದವನು ಯಾರು, ಸುಲಿಸಿಕೊಂಡವನು ಯಾರು ಎಂದು ಒಮ್ಮೆ ಕೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೆಯ ಕಲಮು ಗುಂಪು ಕಟ್ಟಿ ಮೋಸ ಮಾಡುವುದನ್ನೂ ಅನಧಿಕೃತ ಜೂಜು ನಡೆಸುವುದನ್ನೂ ಸಣ್ಣ ಸಂಘಟಿತ ಅಪರಾಧದ ಸಾಲಿಗೆ ಸೇರಿಸಿ, ಒಂದರಿಂದ ಏಳು ವರ್ಷದವರೆಗೆ ಶಿಕ್ಷೆ ಇಟ್ಟಿದೆ. ಆ ಕಲಮಿನ ಭಾರ ಸುಲಿಯುವವರ ಮೇಲೆ ಬೀಳಲಿ.

ಕೊನೆಗೆ ಸುತ್ತ ನಿಂತವರೇ, ನನ್ನಂತೆ ನಿಂತು ನೋಡಿದವರೇ. ಆಟದವರಿಗೆ ಆಟದ ಮದ ಇದೆ, ಮೋಸದವರಿಗೆ ಹಣದ ಆಸೆ ಇದೆ. ನಮಗೆ ಅಲ್ಲಿ ಏನೂ ಇಲ್ಲ. ಹಾಗಾಗಿ ಸತ್ಯ ಹೇಳಲು ನಮ್ಮಷ್ಟು ಸ್ವತಂತ್ರರು ಆ ಜಾಗದಲ್ಲಿ ಬೇರೆ ಯಾರೂ ಇಲ್ಲ. ಜಗಳ ಮಾಡಬೇಕಾಗಿಲ್ಲ, ಕೈ ಎತ್ತಬೇಕಾಗಿಲ್ಲ. ಹುಡುಗನ ಹೆಗಲ ಮೇಲೆ ಕೈಯಿಟ್ಟು “ತಮ್ಮಾ, ಏಳು. ಇವ್ರಿಬ್ರೂ ಕೂಡಿ ಆಡ್ಲತ್ಯಾರ, ನಾ ನೋಡೀನಿ” ಎಂದರೆ ಸಾಕು. ಒಬ್ಬನೇ ಹೇಳಲು ಅಂಜಿಕೆಯಾದರೆ ಇಬ್ಬರು ಹೇಳಿ. ಮೋಸಕ್ಕೆ ಇಬ್ಬರು ಒಂದಾಗಬಲ್ಲರಾದರೆ ಸತ್ಯಕ್ಕೆ ಹತ್ತು ಜನ ಒಂದಾಗಲಾರೆವೇ?

ಮುಂದಿನ ಬಟವಡೆಯ ಸಂಜೆ ರಾವೂರಿನ ಕಲ್ಲಿನ ಅಟ್ಟಿಗಳ ಹಿಂದೆ ಮತ್ತೆ ಚೀಲ ಹಾಸುತ್ತಾರೆ. ನಾನು ಅಲ್ಲಿಗೆ ಹೋಗುತ್ತೇನೆ, ಆಡಲಿಕ್ಕಲ್ಲ, ಹೇಳಲಿಕ್ಕೆ. ನೀವೂ ಬನ್ನಿ.